ಕೋಡ್‌ಗೂ ಮೊದಲು ಒಂದು ಲೆಕ್ಕ

ಸಂಡೂರಿನ ದೋಣಿಮಲೈ ಗುಡ್ಡದಿಂದ ಎನ್‌ಎಂಡಿಸಿ 1977ರಿಂದ ಕಬ್ಬಿಣದ ಅದಿರು ಇಳಿಸುತ್ತಿದೆ. ಗಣಿಯಿಂದ ದಿನಕ್ಕೆಷ್ಟು ಅದಿರು ಬಂದೀತು ಎಂದು ಅಂದಾಜಿಸುವ ಎಂಜಿನಿಯರು ಡಂಪರ್‌ಗಳನ್ನಷ್ಟೇ ಎಣಿಸಿ ಸುಮ್ಮನಾಗುವಂತಿಲ್ಲ. ಶವೆಲ್ ಒಂದು ಡಂಪರ್ ತುಂಬಲು 4 ನಿಮಿಷ, ಅದು ಕ್ರಷರ್‌ಗೆ ಸುರಿದು ಮರಳಲು 20 ನಿಮಿಷ ಎಂದಿಟ್ಟುಕೊಳ್ಳಿ. ಆರು ಡಂಪರ್‌ಗೆ ಶವೆಲ್‌ನ ಕೈ ತುಂಬಿತು. ಏಳನೆಯದನ್ನು ತಂದರೆ ಉದ್ದವಾಗುವುದು ಸಾಲು ಮಾತ್ರ.

ಹತ್ತಾರು ಸರ್ವರ್‌ಗಳ ಮೇಲೆ ಹರಡಿಕೊಂಡ ಸಾಫ್ಟ್‌ವೇರ್‌ಗೂ ಇದೇ ಲೆಕ್ಕ. ಜಾನ್ ಲಿಟಲ್ 1961ರಲ್ಲೇ ಸಾಧಿಸಿ ತೋರಿಸಿದ ನಿಯಮ ಅದು: ವ್ಯವಸ್ಥೆಯೊಳಗಿರುವವರ ಸಂಖ್ಯೆ ಎಂದರೆ ಬರುವ ವೇಗ ಗುಣಿಸು ಒಳಗೆ ಕಳೆಯುವ ಹೊತ್ತು. ವಿನ್ಯಾಸ ಹಾಳೆಯ ಮೇಲಿರುವಾಗಲೇ ಹೀಗೆ ಅಂದಾಜು ಮಾಡಿ ಎಂದು ಕಾನಿ ಸ್ಮಿತ್ 1990ರಲ್ಲಿ ಪುಸ್ತಕವನ್ನೇ ಬರೆದರು. ನಮ್ಮ ಹುಡುಗರು ಮಾತ್ರ ‘ಕೊನೆಗೆ ಲೋಡ್ ಟೆಸ್ಟ್ ಇದೆಯಲ್ಲ ಸಾರ್’ ಎನ್ನುತ್ತಾರೆ. ಕೊನೆಯಲ್ಲಿ ಗೊತ್ತಾದರೆ ಸರ್ವರ್ ಸೇರಿಸಬಹುದು, ಅಷ್ಟೆ. ಅಡ್ಡಿ ಒಂದೇ ಡೇಟಾಬೇಸ್ ಎಂದಾದರೆ ಹೊಸ ಸರ್ವರ್‌ಗಳೆಲ್ಲ ಆ ಏಳನೇ ಡಂಪರ್.

ಎಡವುವುದು ಬಹುಮಟ್ಟಿಗೆ ಇಲ್ಲಿ. ಒಂದು ಕೋರಿಕೆಗೆ 10 ಮಿಲಿಸೆಕೆಂಡ್ ಕೆಲಸವೆನ್ನಿ. ಸರ್ವರ್ ಅರ್ಧ ಹೊತ್ತು ದುಡಿಯುತ್ತಿದ್ದರೆ, ಸರಳ ಸರತಿ ಸೂತ್ರದ ಪ್ರಕಾರ ಉತ್ತರ 20ರಲ್ಲಿ ಬರುತ್ತದೆ. ಶೇ. 90ಕ್ಕೆ ಏರಿದರೆ 100, ಶೇ. 95ಕ್ಕೆ 200! ‘ಇನ್ನೂ ಶೇ. 5 ಖಾಲಿ ಇದೆ’ ಎಂದು ಬೀಗುವ ವರದಿಗಳನ್ನು ನಾನು ನಂಬುವುದಿಲ್ಲ.

ಹಂಚಿದ ವ್ಯವಸ್ಥೆಗೆ ಇನ್ನೊಂದು ಕಾಟವಿದೆ. ಗೂಗಲ್‌ನ ಜೆಫ್ ಡೀನ್ ಮತ್ತು ಬರೋಸೊ 2013ರಲ್ಲಿ ತೋರಿಸಿದಂತೆ, ಪ್ರತಿ ಸರ್ವರೂ ನೂರಕ್ಕೊಮ್ಮೆ ಮಾತ್ರ ತಡಮಾಡಿದರೂ, ಒಂದು ಪುಟ ತೆರೆಯಲು ನೂರು ಸರ್ವರ್‌ಗಳ ಉತ್ತರ ಬೇಕೆಂದರೆ ಶೇ. 63ರಷ್ಟು ಪುಟಗಳು ತಡವಾಗುತ್ತವೆ. ಸರಾಸರಿಯಲ್ಲಿ ಇದರ ಸುಳಿವೂ ಸಿಗದು.

ಆ ಸರತಿ ಸೂತ್ರದ ಮಿತಿಯನ್ನೂ ಹೇಳಬೇಕು. ಜನ ಬಿಡಿಬಿಡಿಯಾಗಿ ಬರುತ್ತಾರೆಂದು ಅದು ನಂಬುತ್ತದೆ. 2023ರ ಜೂನ್ 18ರಂದು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ನೋಂದಣಿ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ತೆರೆದಾಗ ಜನ ಹಾಗೆ ಬರಲಿಲ್ಲ, ಮುಗಿಬಿದ್ದರು. ‘ಸರ್ವರ್ ಬ್ಯುಸಿ’ ರಾಜ್ಯದ ಮಾತಾಯಿತು. ಅಂಥ ಯೋಜನೆಗೆ ತಿಂಗಳ ಒಟ್ಟು ಅರ್ಜಿಗಳನ್ನು ದಿನಗಳಿಂದ ಭಾಗಿಸಿ ಕೂತರೆ ಆಗದು. ಮೊದಲ ದಿನದ ಮೊದಲ ಗಂಟೆಗೆ ಎಷ್ಟು ಜನ, ಒಬ್ಬೊಬ್ಬರಿಗೆ ಎಷ್ಟು ಓಟಿಪಿ, ಎಷ್ಟು ಸಲ ಆಧಾರ್ ತಪಾಸಣೆ ಎಂಬುದನ್ನು ಟೆಂಡರ್ ಹಂತದಲ್ಲೇ ಬರೆಸಿಕೊಳ್ಳಬೇಕು.