ಮಾವಿನೆಲೆಯ ಸಾಕ್ಷ್ಯವೂ ‘ಕೊರತೆ’ ಎಂಬ ಶಬ್ದವೂ

ಮಾವಿನ ತೋಟಗಳ ಪೋಷಣೆಯನ್ನು ಕುರಿತು ಕನ್ನಡದಲ್ಲಿ ಬರುತ್ತಿರುವ ಲೇಖನಗಳಲ್ಲಿ ‘ಕೊರತೆ’ ಎಂಬ ಒಂದೇ ಶಬ್ದವು ಮೂರು ಅರ್ಥಗಳಲ್ಲಿ ಪ್ರಯೋಗವಾಗುತ್ತಿರುವುದು. ಮಣ್ಣಿನಲ್ಲಿ ಪೋಷಕಾಂಶವು ಕಡಮೆಯಾಗಿರುವುದು ಒಂದು. ಎಲೆಯಲ್ಲಿ ಅದರ ಪ್ರಮಾಣವು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿರುವುದು ಇನ್ನೊಂದು. ಅದರ ದೆಸೆಯಿಂದ ಮರದ ಫಲವೇ ಕುಗ್ಗಿರುವುದು ಮತ್ತೊಂದು. ಮೊದಲೆರಡನ್ನು ಅಳೆಯಬಹುದು, ಮೂರನೆಯದನ್ನು ವಿಚಾರಮಾಡಿ ನಿರ್ಣಯಿಸತಕ್ಕದ್ದು. ಇಂಥ ಬರಹವನ್ನು ನಂಬಿ ತೋಟಗಾರನು ಗೊಬ್ಬರಕ್ಕೆ ಹಣ ಸುರಿಯುವನಾದ ಕಾರಣ, ಇದು ಬರಿಯ ಶಬ್ದಚರ್ಚೆಯೆಂದು ತಳ್ಳಿಬಿಡುವಂತಿಲ್ಲ.

ಎಲೆ ಸುಡುವ ಬಾಧೆಯನ್ನೇ ನೋಡೋಣ. ಹಳೆಯ ಎಲೆಗಳ ತುದಿಯೂ ಅಂಚೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಒಣಗಿದರೆ, ಪೊಟ್ಯಾಸಿಯಂ ಕೊರತೆಯೆಂದು ಒಡನೆಯೇ ಹೇಳಿಬಿಡುವುದುಂಟು. ಲಕ್ಷಣವೇನೋ ಹೋಲುವುದು. ಆದರೆ ಉಪ್ಪುನೀರು ಹಾಯಿಸಿದ ತೋಟಗಳಲ್ಲಿ ಕ್ಲೋರೈಡು ಮಿತಿಮೀರಿದಾಗಲೂ ಎಲೆ ಹೀಗೆಯೇ ಸುಡುವುದು. ಪೊಟ್ಯಾಸಿಯಮ್ಮು ಮರಕ್ಕೆ ದಕ್ಕದಂತೆ ಮಾಡುವುದೂ ಆ ಕ್ಲೋರೈಡೇ. ಅಲ್ಲಿ ‘ಕೊರತೆ’ಯೆಂಬ ಮಾತನ್ನು ನಂಬಿ ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ಹಾಕಿದರೆ, ಆ ಗೊಬ್ಬರವು ಸ್ವತಃ ಪೊಟ್ಯಾಸಿಯಂ ಕ್ಲೋರೈಡಾದುದರಿಂದ, ಬಾಧೆಯ ಮೂಲವನ್ನೇ ಬುಡಕ್ಕೆ ಎರೆದಂತಾಗುವುದು. ಸಲ್ಫೇಟಿನ ರೂಪದಲ್ಲಿ ಕೊಡತಕ್ಕದ್ದೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಪ್ರಯೋಗಶಾಲೆಯ ಅಂಕಿಗಳಿದ್ದರೆ ಸಂಶಯ ಪರಿಹಾರವಾಯಿತೆಂಬ ಭಾವನೆಯೂ ಒಪ್ಪತಕ್ಕದ್ದಲ್ಲ. ಎಲೆ ಬಲಿತಂತೆ ಸಾರಜನಕ, ರಂಜಕ, ಪೊಟ್ಯಾಸಿಯಮ್ಮುಗಳ ಪ್ರಮಾಣವು ಇಳಿಯುವುದು, ಕ್ಯಾಲ್ಸಿಯಮ್ಮಿನದು ಏರುವುದು. ಆದುದರಿಂದಲೇ ಕಾಯಿ ಬಿಡದ ರೆಂಬೆಯ ನಡುಭಾಗದಿಂದ, 4ರಿಂದ 7 ತಿಂಗಳ ಎಲೆಯನ್ನೇ ಆರಿಸಬೇಕೆಂಬ ನಿಯಮ ಹುಟ್ಟಿತು. ಬೋರ್ಡೋ ದ್ರಾವಣ ಬಿದ್ದ ಎಲೆಯನ್ನು ತೊಳೆಯದೆ ಪರೀಕ್ಷಿಸಿದರೆ ತಾಮ್ರವು ಹೇರಳವಾಗಿ ಕಾಣುವುದು. ಅದು ಮರವು ಉಂಡುದಲ್ಲ. ಎಲೆಯ ವಯಸ್ಸು, ಕಿತ್ತ ತಿಂಗಳು, ತಳಿ ಇವನ್ನು ತಿಳಿಸದೆ ಅಂಕಿಯನ್ನು ಮಾತ್ರ ಅಚ್ಚುಹಾಕುವುದು, ಯಾವ ಓಲೆಯ ಪ್ರತಿಯದೆಂದು ಹೇಳದೆ ಪಾಠಾಂತರವನ್ನು ಕೊಟ್ಟಂತೆ.

ಸಾರಜನಕವು ಶೇಕಡಾ 1.0ರಿಂದ 1.5ರವರೆಗೆ ಇರಬೇಕೆಂದು ಹೇಳುವುದುಂಟು. ಈ ಮಟ್ಟವು ಫ್ಲಾರಿಡಾದ ತೋಟಗಳಿಂದ ಬಂದುದು. ಶ್ರೀನಿವಾಸಪುರದ ಕೆಮ್ಮಣ್ಣಿನಲ್ಲಿ ಮಳೆಯನ್ನೇ ನಂಬಿರುವ ತೋತಾಪುರಿಗೆ ಅದನ್ನು ಹೊರಿಸುವವರು ಆಧಾರವನ್ನು ತೋರಿಸಬೇಡವೆ? ಬೊಫೀಲ್ಸ್ ಎಂಬ ವಿದ್ವಾಂಸನು 1973ರಲ್ಲಿ ಪ್ರಕಟಿಸಿದ ‘ಡ್ರಿಸ್’ ಪದ್ಧತಿಯು ಬಿಡಿ ಅಂಕಿಗಳನ್ನು ಬಿಟ್ಟು, ಪೋಷಕಾಂಶಗಳ ಪರಸ್ಪರ ಅನುಪಾತವನ್ನು ಹೆಚ್ಚು ಫಲ ಕೊಡುವ ತೋಟಗಳ ಅನುಪಾತದೊಡನೆ ಹೋಲಿಸುವುದು. ಇದು ಉತ್ತಮವಾದ ಮಾರ್ಗವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಬಾದಾಮಿಯಂತಹ ತಳಿ ಒಂದು ವರ್ಷ ತುಂಬ ಕಾಯ್ದು ಮರುವರ್ಷ ಬರಿದಾಗುವುದರಿಂದ, ‘ಹೆಚ್ಚು ಫಲ’ವೆಂಬುದನ್ನು ಒಂದೇ ಬೆಳೆಯಿಂದ ಗೊತ್ತುಮಾಡಿದರೆ ಅಳತೆಗೋಲೇ ಡೊಂಕಾದೀತು.

ನಮ್ಮ ಲೇಖಕರು ಎಲೆಯ ಅಂಕಿಯೊಡನೆ ಹಿಂದಿನ ಕೆಲವು ವರ್ಷಗಳ ಬೆಳೆಯ ಲೆಕ್ಕವನ್ನೂ ಕೊಡಲಿ. ಒಂದು ಸಾಲು ಮರಗಳಿಗೆ ಗೊಬ್ಬರವನ್ನಿಕ್ಕಿ, ಪಕ್ಕದ ಸಾಲನ್ನು ಹಾಗೆಯೇ ಬಿಟ್ಟು, ಫಲದಲ್ಲಿ ಭೇದ ಕಂಡ ಮೇಲೆ ‘ಕೊರತೆ’ಯೆಂದು ಬರೆಯಲಿ. ಅಲ್ಲಿಯವರೆಗೆ ‘ಮಟ್ಟಕ್ಕಿಂತ ಕಡಮೆ’ ಎಂದರೆ ಸಾಕು.