ಜಾಝಿನ ಗಡಿ ಕಾಗದದ ಮೇಲಿಲ್ಲ

ಪರ್ವರಿ, ಪಣಜಿ, ಮಾಪುಸಾ ಕಡೆಯ ಸಂಗೀತಪ್ರಿಯರ ನಡುವೆ ಮಾತು ಜಾಝ್ ಕಡೆ ಹೊರಳಿತೆಂದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಬರೆದದ್ದನ್ನು ನೋಡಿ ನುಡಿಸಿದರೆ ಪಾಶ್ಚಾತ್ಯ ಶಾಸ್ತ್ರೀಯ, ಆ ಗಳಿಗೆಗೆ ಹೊಳೆದದ್ದನ್ನು ನುಡಿಸಿದರೆ ಜಾಝ್. ನಮ್ಮ ಕನ್ನಡದ ರಸಿಕರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ. ನಮ್ಮ ಮನೋಧರ್ಮ ಸಂಗೀತವೂ ಆಗಿಂದಾಗಲೇ ಹುಟ್ಟುವಂಥದ್ದು, ಹಾಗಾಗಿ ಜಾಝ್ ನಮಗೆ ನೆಂಟಸ್ತಿಕೆಯ ಸಂಗೀತ ಎಂದು. ಈ ಎರಡು ಮಾತೂ ನಿಲ್ಲುವುದಿಲ್ಲ ಎನ್ನುವುದು ನನ್ನ ವಾದ. ಗೋವಾದ ನೆಲದಲ್ಲಿ ನಿಂತು ಹಾಗೆ ಹೇಳಿದರಂತೂ ಇಲ್ಲಿನ ವಾದ್ಯಗಾರರಿಗೆ ಅನ್ಯಾಯವಾಗುತ್ತದೆ.

ಮೊದಲು ಕಾಗದವನ್ನೇ ನೋಡೋಣ. ಮೊಝಾರ್ಟ್ 1788ರಲ್ಲಿ ಮುಗಿಸಿದ, 'ಕಾರೊನೇಷನ್' ಎಂದು ಹೆಸರಾದ ಪಿಯಾನೊ ಕನ್ಸರ್ಟೊದ ಹಸ್ತಪ್ರತಿಯಲ್ಲಿ ಪಿಯಾನೊದ ಎಡಗೈ ಭಾಗ ಬಹಳ ಕಡೆ ಖಾಲಿಯಾಗಿಯೇ ಇದೆ. ನುಡಿಸುವವನು ತಾನೇ, ಬರೆದುಕೊಳ್ಳುವ ಅಗತ್ಯ ಅವನಿಗಿರಲಿಲ್ಲ. ಬಾಖ್‌ನ ಕಾಲದ ಕೀಬೋರ್ಡ್ ವಾದಕನ ಮುಂದೆ ಎಷ್ಟೋ ಸಲ ಇರುತ್ತಿದ್ದುದು ಮಂದ್ರದ ಒಂದು ಸಾಲು, ಅದರ ಜತೆಗೆ ಕೆಲವು ಅಂಕಿಗಳು ಮಾತ್ರ. ಉಳಿದದ್ದನ್ನು ಅವನ ಬೆರಳು ಅಲ್ಲೇ ತುಂಬಬೇಕಿತ್ತು. ಈಗ ಆ ಕಡೆಯಿಂದ ನೋಡಿ. ಡ್ಯೂಕ್ ಎಲಿಂಗ್ಟನ್ 1940ರಲ್ಲಿ ಧ್ವನಿಮುದ್ರಿಸಿದ 'ಕನ್ಸರ್ಟೊ ಫಾರ್ ಕೂಟಿ' ಮೂರು ನಿಮಿಷ ಚಿಲ್ಲರೆಯ ಕೃತಿ. ಅದರಲ್ಲಿ ಹೆಚ್ಚಿನದೆಲ್ಲ ಮೊದಲೇ ಗೊತ್ತುಮಾಡಿದ್ದು. ಆದರೂ ಅದು ಜಾಝಿನ ಶಿಖರಗಳಲ್ಲಿ ಒಂದು ಎಂಬುದರಲ್ಲಿ ಬಲ್ಲವರಿಗೆ ಅನುಮಾನವಿಲ್ಲ.

ಹಾಗಾದರೆ ಅದನ್ನು ಜಾಝ್ ಮಾಡಿದ್ದು ಏನು? ಕೂಟಿ ವಿಲಿಯಮ್ಸ್‌ನ ಟ್ರಂಪೆಟ್ ಬಾಯಿಗೆ ರಬ್ಬರಿನ ಬಟ್ಟಲು ಒತ್ತಿ, ಸರಿಸಿ, ಮತ್ತೆ ಒತ್ತಿ ಗುರುಗುಟ್ಟಿಸುವ ಆ ದನಿ. ಎಲಿಂಗ್ಟನ್ ತನ್ನ ಹಾಳೆಗಳಲ್ಲಿ ವಾದ್ಯದ ಹೆಸರಿನ ಬದಲು ವಾದಕನ ಹೆಸರನ್ನೇ ಬರೆಯುತ್ತಿದ್ದ. ಕೃತಿ ಇರುವುದು ಆ ಮನುಷ್ಯನ ದನಿಗಾಗಿ. ಇನ್ನೊಂದು, ಕಾಲದ ವಿಷಯ. ಹಾಳೆಯಲ್ಲಿ ಎರಡು ಸ್ವರ ಸಮಸಮವಾಗಿ ಬರೆದಿರುತ್ತದೆ, ನುಡಿಸುವಾಗ ಮೊದಲನೆಯದು ಕೊಂಚ ಹಿಗ್ಗಿ ಎರಡನೆಯದು ಕುಗ್ಗುತ್ತದೆ. ಸ್ವರವನ್ನು ತಾಳದ ಪೆಟ್ಟಿಗೆ ಕೂದಲೆಳೆಯಷ್ಟು ಹಿಂದೆ ಇಡುವುದೂ ಉಂಟು. ಅದು ಎಷ್ಟು ಎಂದು ಯಾವ ಲಿಪಿಯೂ ಹೇಳಲಾರದು. ಗಡಿ ಇರುವುದು ಇಲ್ಲಿ, ದನಿಯಲ್ಲಿ ಮತ್ತು ಕಾಲವನ್ನು ಹಿಡಿಯುವ ಬಗೆಯಲ್ಲಿ. ಶಾಸ್ತ್ರೀಯ ವಾದಕ ಕೃತಿಗೆ ಜವಾಬು ಕೊಡಬೇಕು. ಜಾಝ್ ವಾದಕ ಕೃತಿಯಿಂದಲೇ ಜವಾಬು ಕೇಳುತ್ತಾನೆ.

ಇದಕ್ಕೆ ಸಾಕ್ಷಿ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಪರ್ವರಿಯಿಂದ ಒಂದಿಷ್ಟು ಮೈಲಿ ದೂರದ, ಅದೇ ಬಾರ್ದೇಶ ತಾಲೂಕಿನ ಆಲ್ಡೋನಾದಲ್ಲಿ 1916ರಲ್ಲಿ ಹುಟ್ಟಿದ ಆಂತೋನಿಯೊ ಶಾವಿಯೆರ್ ವಾಝ್, ಮುಂದೆ ಚಿಕ್ ಚಾಕೊಲೇಟ್ ಎಂದು ಮುಂಬಯಿಯಲ್ಲಿ ಹೆಸರುವಾಸಿಯಾದ. ಅಂದಿನ ಗೋವಾದ ಕ್ರೈಸ್ತ ಹುಡುಗರಿಗೆ ಸಂಗೀತ ಹತ್ತುತ್ತಿದ್ದುದು ಇಗರ್ಜಿ ಶಾಲೆಯಲ್ಲಿ. ಸ್ವರ ಓದುವುದು, ಪಿಟೀಲು, ಪೂಜೆಯ ಗಾಯನ, ಎಲ್ಲ ಅಲ್ಲಿನ ಮೇಷ್ಟ್ರ ಕೈಕೆಳಗೆ. ಓದು ಹಾಗೆ ಬಂತು. ಲೂಯಿ ಆರ್ಮ್‌ಸ್ಟ್ರಾಂಗ್‌ನ ದನಿ ಬಂದದ್ದು ಗ್ರಾಮಫೋನ್ ತಟ್ಟೆಗಳಿಂದ, ಕಿವಿಯ ಮೂಲಕ. ಜನ ಅವನನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದರು. 1951ರ 'ಅಲ್ಬೇಲಾ' ಸಿನಿಮಾದಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಅವನ ಬ್ಯಾಂಡು ತೆರೆಯ ಮೇಲೂ ಕಾಣಿಸಿಕೊಂಡಿತು. ಆ ಪೀಳಿಗೆಯವರು ಕಣ್ಣಿಂದ ಕಲಿತದ್ದು ಒಂದು, ಕಿವಿಯಿಂದ ಕಲಿತದ್ದು ಇನ್ನೊಂದು. ಎರಡನ್ನೂ ಕಲಸದೆ ಒಂದೇ ಮೈಯಲ್ಲಿ ಇಟ್ಟುಕೊಂಡಿದ್ದರು.

ಬರೀ ಹೊಳಹೇ ಜಾಝ್ ಆಗುವುದಾದರೆ ಕೊಂಕಣಿಯ ಮಾಂಡೊ ಹಾಡುವಾಗ ಕಾಗದವಿಲ್ಲದೆ ಎರಡನೆಯ ದನಿ ಕೂಡಿಸುವ ಗೋವಾದ ಅಜ್ಜಿಯರೆಲ್ಲ ಜಾಝ್ ಗಾಯಕಿಯರಾಗಬೇಕಿತ್ತು. ಹಾಗೆಂದು ಯಾರೂ ಹೇಳುವುದಿಲ್ಲ.

ಇನ್ನು ನಮ್ಮವರ ನೆಂಟಸ್ತಿಕೆಯ ಮಾತು. ಇದನ್ನು ಪರೀಕ್ಷಿಸಲು 2008ರಲ್ಲಿ ಬಂದ 'ಕಿನ್ಸ್‌ಮೆನ್' ಆಲ್ಬಂಗಿಂತ ಒಳ್ಳೆಯ ಜಾಗವಿಲ್ಲ. ಅದರ ಇಬ್ಬರು ಮುಖ್ಯ ವಾದಕರಲ್ಲಿ ಒಬ್ಬರು ಬಂಟ್ವಾಳ ತಾಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದರಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ದುಡಿದವರು. ಇನ್ನೊಬ್ಬ ಅಮೆರಿಕದ ಬೋಲ್ಡರ್‌ನಲ್ಲಿ ಬೆಳೆದ, ಕರ್ನಾಟಕ ಮೂಲದ ಮನೆಯ ರುದ್ರೇಶ್ ಮಹಾಂತಪ್ಪ. ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೊಫೋನ್, ಇಬ್ಬರೂ ಆಗಿಂದಾಗಲೇ ಕಟ್ಟುತ್ತ ಹೋಗುತ್ತಾರೆ. ಆದರೂ ಕಣ್ಣು ಮುಚ್ಚಿ ಕೇಳಿದರೆ ಇವರಾರು ಅವರಾರು ಎಂದು ತಿಳಿಯಲು ಹೊತ್ತು ಬೇಕಿಲ್ಲ. ಗೋಪಾಲನಾಥರು ಸ್ವರಕ್ಕೆ ಕೆಳಗಿನಿಂದ ಜಾರಿ ಬಂದು ಅದನ್ನು ತೂಗಿ ನಿಲ್ಲಿಸುತ್ತಾರೆ. ಷಡ್ಜ ಎಲ್ಲಿಗೂ ಹೋಗುವುದಿಲ್ಲ, ರಾಗ ಬೇಡವೆಂದ ಸ್ವರ ಕೊನೆಯವರೆಗೂ ಹೊರಗೇ. ಮಹಾಂತಪ್ಪನ ಸ್ವರಗಳು ಚೂಪಾಗಿ, ಒತ್ತೊತ್ತಾಗಿ ಬರುತ್ತವೆ. ರಾಗದ ಸ್ವರಗಳನ್ನೇ ಹಿಡಿದಾಗಲೂ ಅವನ ಒತ್ತು ಬೀಳುವುದು ಡ್ರಮ್ಮಿನ ಜತೆ, ಗಿಟಾರಿನ ಜತೆ ಜಗಳವಾಡುತ್ತ. ಒಬ್ಬರ ಸ್ವಾತಂತ್ರ್ಯ ರಾಗದ ಒಳಗಿನದು, ಇನ್ನೊಬ್ಬನದು ಜತೆಗಾರರ ಎದುರಿನದು. ಆಲ್ಬಂ ಗೆದ್ದಿರುವುದು ಈ ಅಂತರವನ್ನು ಮುಚ್ಚದೇ ಇರುವುದರಿಂದ.

ಇದಕ್ಕೆ ಹೋಲಿಸಿದರೆ 1968ರ 'ರಾಗ ಜಾಝ್ ಸ್ಟೈಲ್' ನನಗೆ ಅಷ್ಟಾಗಿ ಹಿಡಿಸಿಲ್ಲ. ಶಂಕರ್-ಜೈಕಿಶನ್ ಅವರ ಸಂಗೀತ, ರಯೀಸ್ ಖಾನರ ಸಿತಾರು, ಒಂದೇ ತಟ್ಟೆಯಲ್ಲಿ ಹನ್ನೊಂದು ರಾಗ. ಇಂಪಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಸಿತಾರು ರಾಗದ ಚಲನೆ ತೋರಿಸಿ ಸುಮ್ಮನಾಗುತ್ತದೆ, ಆಮೇಲೆ ಸ್ಯಾಕ್ಸೊಫೋನು, ಟ್ರಂಪೆಟ್ಟು ತಮ್ಮ ಪಾಳಿ ತೀರಿಸುತ್ತವೆ. ಒಬ್ಬರ ಮಾತಿಗೆ ಇನ್ನೊಬ್ಬರು ಬದಲಾಗುವುದು ತೀರಾ ಅಪರೂಪ. ಸಂಗೀತಕ್ಕೆ ಗಡಿಯೇ ಇಲ್ಲ ಎನ್ನುವವರು ಈ ತಟ್ಟೆಯನ್ನು ಎತ್ತಿ ತೋರಿಸುತ್ತಾರೆ. ಗಡಿಯೇ ಇಲ್ಲದಿದ್ದರೆ ದಾಟಿದ ಶ್ರಮಕ್ಕೆ ಬೆಲೆ ಎಲ್ಲಿ?

ಈ ತಪ್ಪು ತೀರ್ಪಿನಿಂದ ನಷ್ಟವಾದದ್ದು ಯಾರಿಗೆ ಎಂಬುದು ನನಗೆ ಮುಖ್ಯ. ಪರ್ವರಿಯ ಗುಡ್ಡದ ಕೆಳಗೆ, ಮಾಂಡವಿ ದಡದಲ್ಲಿ ರೇಯ್ಸ್ ಮಾಗೋಸ್ ಇದೆ. 1906ರಲ್ಲಿ ಅಲ್ಲಿ ಹುಟ್ಟಿದ ಸೆಬಾಸ್ಟಿಯನ್ ಡಿಸೋಜಾ ದೇಶ ವಿಭಜನೆಗೆ ಮೊದಲು ಲಾಹೋರಿನಲ್ಲಿ ಬ್ಯಾಂಡ್ ನಡೆಸಿ, ಆಮೇಲೆ ಮುಂಬಯಿಗೆ ಬಂದು ಶಂಕರ್-ಜೈಕಿಶನ್ ಜೋಡಿಗೆ ಸುಮಾರು ಎರಡು ದಶಕ ಅರೇಂಜರ್ ಆಗಿದ್ದವರು. ಸಂಗೀತ ನಿರ್ದೇಶಕರು ಕೊಡುತ್ತಿದ್ದುದು ಧಾಟಿ. ಗಾಯಕಿಯ ಸಾಲಿನ ಬೆನ್ನಿಗೆ ಪಿಟೀಲುಗಳು ಹಾಡುವ ಎದುರುಧಾಟಿ, ಎಲ್ಲಿ ಟ್ರಂಪೆಟ್ ಬರಬೇಕು, ಯಾವ ವಾದಕನ ದನಿ ಎಲ್ಲಿ ಬೇಕು, ಅದನ್ನೆಲ್ಲ ಪೆನ್ಸಿಲ್ ಹಿಡಿದು ಬರೆಯುವ ಕೆಲಸ ಅರೇಂಜರ್‌ನದು. 'ಗೋವಾದವರು ಬರೆದದ್ದನ್ನು ಚೆನ್ನಾಗಿ ಓದುತ್ತಾರೆ, ಅಷ್ಟೇ' ಎಂಬ ಮಾತು ಚಿತ್ರಸಂಗೀತದ ಬಗ್ಗೆ ಮಾತನಾಡುವವರ ಬಾಯಲ್ಲಿ ಇಂದಿಗೂ ಇದೆ. ಬರವಣಿಗೆಯನ್ನು ಸೃಷ್ಟಿಯ ಎದುರು ನಿಲ್ಲಿಸಿದ್ದರಿಂದಲೇ ಆ ಮಾತು ಹುಟ್ಟಿತು. ಅವರು ಓದುತ್ತಿದ್ದ ಹಾಳೆಯನ್ನು ಬರೆದವರೂ ಅವರ ಊರಿನವರೇ. ಆ ಹಾಡುಗಳ ತಟ್ಟೆಗಳ ಮೇಲೆ ಸಂಗೀತ ನಿರ್ದೇಶಕರ, ಕವಿಯ, ಗಾಯಕರ ಹೆಸರು ಅಚ್ಚಾಗುತ್ತಿತ್ತು, ಅರೇಂಜರ್ ಹೆಸರಿಗೆ ಸಾಮಾನ್ಯವಾಗಿ ಜಾಗವಿರುತ್ತಿರಲಿಲ್ಲ. ಇವತ್ತು ಅದೇ ಹಾಡುಗಳನ್ನು ಹೊಸದಾಗಿ ಹೊರತರುವವರು ಮಾಡಬೇಕಾದ ಮೊದಲ ಕೆಲಸ ಆ ಹೆಸರನ್ನು ಸೇರಿಸುವುದು.