ಮುಂದೆ ಏಳು, ಹಿಂದೆ ಏಳು

ಕುರುಗೋಡಿನ ದೊಡ್ಡಬಸವೇಶ್ವರನ ಏಕಶಿಲಾ ಮೂರ್ತಿ, ಬಳ್ಳಾರಿ ಗುಡ್ಡದ ಕೋಟೆ ಇವನ್ನೆಲ್ಲ ನೋಡುತ್ತ ಬೆಳೆದ ನಮ್ಮ ಸೀಮೆಯವರಿಗೆ ಚೆಲುವೆಂದರೆ ಮೊದಲು ಕಣ್ಣಿಗೆ ಬರುವುದು ಕಲ್ಲು. ಸಿರುಗುಪ್ಪದ ಕಡೆಯವರು ಅದರ ಜೊತೆಗೆ ಬತ್ತದ ಗದ್ದೆಯ ಹಸಿರನ್ನೂ ಸೇರಿಸಿಯಾರು. ಲೋಹಕ್ಕೂ ಅಷ್ಟೇ ದೊಡ್ಡ ಚೆಲುವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಬೆಂಗಳೂರಿನ ಕುಶಲಿಗರ ಕೈಗೆ ಬಂದ ಬಗೆ ನನಗೆ ಎಷ್ಟು ಸವಿದರೂ ಮುಗಿಯದ ಕಥೆ.

1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು (ಎಚ್‌ಎಎಲ್) ಸ್ಥಾಪಿಸಿದರು. ಮುಂದೆ ಈ ಕಾರ್ಖಾನೆಗೆ ಕೆಲಸ ತಂದ ಅಮೆರಿಕದ ಹತ್ತನೆಯ ವಾಯುಪಡೆ ಹುಟ್ಟಿದ್ದು 1942ರ ಫೆಬ್ರುವರಿಯಲ್ಲಿ, ಒಹಾಯೋದಲ್ಲಿ. ಸ್ವಲ್ಪ ದಿನಕ್ಕೇ ಅದು ದಿಲ್ಲಿಯಲ್ಲಿ ನೆಲೆಯೂರಿತು. ಒಂದು ಕಡೆ ಬರ್ಮಾದ ಯುದ್ಧ, ಇನ್ನೊಂದು ಕಡೆ ಅಸ್ಸಾಮಿನಿಂದ ಹಿಮಾಲಯದ ಸಾಲು ದಾಟಿ ಚೀನಾದ ಕುನ್‌ಮಿಂಗ್‌ಗೆ ಸರಕು ಸಾಗಣೆ. ಹಾಗೆ ಹಾರಿದ ವಿಮಾನಗಳು ಸವೆಯುತ್ತಿದ್ದವು. ಅವುಗಳ ರಿಪೇರಿಗೆಂದು 1943ರಲ್ಲಿ ಬೆಂಗಳೂರಿನ ಕಾರ್ಖಾನೆಯ ಆಡಳಿತವನ್ನು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಲಾಯಿತು. ಅದು 84ನೆಯ ಏರ್ ಡಿಪೋ ಆಯಿತು.

ಅಲ್ಲಿಗೆ ಬಂದವುಗಳಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಕ್ಯಾಟಲಿನಾದ ಮೇಲೆ. ಹಡಗಿನ ತಳ, ವಿಮಾನದ ರೆಕ್ಕೆ. 104 ಅಡಿ ಅಗಲದ ಆ ರೆಕ್ಕೆ ಒಡಲಿಗೆ ಅಂಟಿಕೊಳ್ಳದೆ ನಡುಗಂಬವೊಂದರ ಮೇಲೆ ಎತ್ತರದಲ್ಲಿ ನಿಂತಿದೆ. ಎಂಜಿನ್ನುಗಳಿಗೆ ನೀರು ಸಿಡಿಯದಿರಲೆಂದೇ ಆ ಎತ್ತರ. ನೀರಿನ ಮೇಲೆ ವಾಲದಂತೆ ತಡೆಯಲು ಎರಡೂ ಬದಿಗೆ ತೇಲುಬುಂಡೆಗಳು. ಮೇಲೇರಿದೊಡನೆ ಅವು ಮಡಚಿಕೊಂಡು ರೆಕ್ಕೆಯ ತುದಿಗಳೇ ಆಗಿಬಿಡುತ್ತವೆ! ಒಂದೇ ವಸ್ತುವಿಗೆ ನೀರಲ್ಲೊಂದು ಕೆಲಸ, ಗಾಳಿಯಲ್ಲೊಂದು ಕೆಲಸ. ಎಲ್ಲೂ ಒಂದು ಗೆರೆ ಹೆಚ್ಚಿಲ್ಲ. ಇಂಥ ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. ಊರಿನ ಗದ್ದೆಗಳಿಗೆ ನೀರುಣಿಸುತ್ತಿದ್ದ ಕೆರೆ ಸಾಗರದ ವಿಮಾನಕ್ಕೆ ರನ್‌ವೇ ಆಗಿತ್ತು.

ಇನ್ನೂ ಒಳಗಿನ ಸೊಗಸು ಎಂಜಿನ್ನಿನದು. ಕ್ಯಾಟಲಿನಾ, ಸರಕು ಹೊರುವ ಡಕೋಟಾ, ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್, ಒಂದರಂತೆ ಒಂದಿಲ್ಲ. ಮೂರರದ್ದೂ ಎದೆ ಮಾತ್ರ ಒಂದೇ, ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್. ಹದಿನಾಲ್ಕು ಸಿಲಿಂಡರುಗಳು ಎರಡು ವೃತ್ತಗಳಾಗಿ, ಮುಂದೆ ಏಳು, ಹಿಂದೆ ಏಳು. ಮುಂದಿನವುಗಳ ಸಂದಿನಲ್ಲೇ ಹಿಂದಿನವು ಕೂತಿವೆ, ಗಾಳಿ ಎಲ್ಲಕ್ಕೂ ತಾಗಲೆಂದು. ಆರೂ ಅಲ್ಲ, ಎಂಟೂ ಅಲ್ಲ, ಏಳೇ ಏಕೆ? ಪ್ರತಿ ಸಿಲಿಂಡರೂ ಎಂಜಿನ್ನಿನ ಅಚ್ಚು ತಿರುಗುವ ಎರಡು ಸುತ್ತಿಗೊಮ್ಮೆ ಉರಿಯಬೇಕು. ಒಂದನ್ನು ಬಿಟ್ಟು ಒಂದರಂತೆ 1, 3, 5, 7 ಉರಿದು, ಮುಂದಿನ ಸುತ್ತಿನಲ್ಲಿ 2, 4, 6 ಉರಿದರೆ ಸರತಿ ಎಲ್ಲೂ ಮುರಿಯದು. ಬೆಸಸಂಖ್ಯೆಯಿಲ್ಲದೆ ಈ ನಡೆ ಕೂಡಿಬಾರದು. ತ್ರಿಪುಟ ತಾಳದ ಏಳಕ್ಷರಕ್ಕೆ ಒಗ್ಗಿದ ಕಿವಿಗೆ ಇದು ಅಪರಿಚಿತ ಲೆಕ್ಕವಲ್ಲ.

ಇಂಥ ಎಂಜಿನ್ನನ್ನು ಓವರ್‌ಹಾಲ್ ಮಾಡುವುದೆಂದರೆ ಬಿಡಿಬಿಡಿಯಾಗಿ ಕಳಚಿ, ತೊಳೆದು, ಸವೆತವನ್ನು ಅಳೆದು, ಕೆಟ್ಟದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಓಡಿಸಿ ನೋಡುವುದು. ಹೊಸದನ್ನು ಕಟ್ಟುವವನಿಗೆ ನಕ್ಷೆಯ ಆಸರೆ ಇದೆ. ರಿಪೇರಿ ಮಾಡುವವನು ನಕ್ಷೆಯ ಜೊತೆಗೆ ಆ ಯಂತ್ರ ಪಟ್ಟ ಪಾಡನ್ನೂ ಓದಬೇಕು.

ಯುದ್ಧ ಮುಗಿದು ಅಮೆರಿಕನ್ನರು ಹೊರಟರು. ಆ ಓದು ಉಳಿಯಿತೇ ಎಂಬುದಕ್ಕೆ ಕಾನ್ಪುರದ ಚಕೇರಿಯಲ್ಲಿ ಪರೀಕ್ಷೆ ಕಾದಿತ್ತು. ಮತ್ತಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರುಗಳು ಅಲ್ಲಿದ್ದವು. ಎಚ್‌ಎಎಲ್‌ನವರು ಅವನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಟೆಸ್ಟ್ ಪೈಲಟ್ ಜಮ್‌ಷೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. 1948ರಲ್ಲಿ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಅವನ್ನು ಪಡೆಯಿತು. 1968ರವರೆಗೂ ಲಿಬರೇಟರುಗಳು ನಮ್ಮ ವಾಯುಪಡೆಯ ಸೇವೆಯಲ್ಲಿದ್ದವು. ಇಂದು ದಿಲ್ಲಿಯ ಪಾಲಂ ಸಂಗ್ರಹಾಲಯದಲ್ಲಿ ಅವುಗಳಲ್ಲೊಂದನ್ನು ಕಣ್ತುಂಬ ನೋಡಬಹುದು.

ಕಲ್ಲಿನಲ್ಲಿ ನಂದಿಯನ್ನು ಕಂಡ ಶಿಲ್ಪಿಗೆ ನಾವು ಕೈಮುಗಿಯುತ್ತೇವೆ. ಮುರುಕಿನಲ್ಲಿ ವಿಮಾನವನ್ನು ಕಂಡ ಆ ಕುಶಲಿಗರಿಗೂ ಅದೇ ಗೌರವ ಸಲ್ಲಬೇಕು.